ಹದಿನಾಲ್ಕು ಬಾಗಿಲಿನ ತಾರಸಿ

ತುಮಕೂರಿನ ಮಂಡಿಪೇಟೆಯಲ್ಲಿ ಹದಿನಾಲ್ಕು ಬಾಗಿಲು ಎಂದರೆ ಅದು ಒಂದು ಕಟ್ಟಡದ ಹೆಸರು. ರಸ್ತೆಯ ಕಡೆಗೆ ಏಳು ಅಂಗಡಿ, ಹಿಂದಿನ ಓಣಿಯ ಕಡೆಗೆ ಏಳು ಅಂಗಡಿ, ನಡುವೆ ಎರಡು ಮೊಳ ದಪ್ಪದ ಗೋಡೆ, ಎಲ್ಲದರ ಮೇಲೆ ಒಂದೇ ತಾರಸಿ. ಕುಣಿಗಲಿನಿಂದ ಗಾಡಿ ಹೊಡೆದುಕೊಂಡು ಬಂದು ಹುಣಸೆಹಣ್ಣು, ಹರಳುಬೀಜ ಮಾರಿ ಕೈತುಂಬ ಸಂಪಾದಿಸಿದ ಕದರಯ್ಯ ಎಂಬಾತ 1903ರಲ್ಲಿ ಅದನ್ನು ಕಟ್ಟಿಸಿದ. ಸಂಪಾದಿಸಿದವರೆಲ್ಲ ಕಟ್ಟಡ ಕಟ್ಟಿಸುತ್ತಾರೆ, ಅದರಲ್ಲೇನೂ ಹೆಚ್ಚುಗಾರಿಕೆಯಿಲ್ಲ. ಕದರಯ್ಯ ಮಾತ್ರ ಕಟ್ಟಡವನ್ನು ನೋಡಿಕೊಳ್ಳುವವರನ್ನೂ ಕಟ್ಟಿಹಾಕಿ ಹೋದ.

ಅವನ ಬಾಡಿಗೆ ಕರಾರಿನಲ್ಲಿ ಒಂದು ಷರತ್ತಿತ್ತು. ಯುಗಾದಿ ಕಳೆದು ಮೊದಲ ಮಳೆ ಬೀಳುವುದರೊಳಗೆ ಒಂದು ದಿನ ಹದಿನಾಲ್ಕೂ ಅಂಗಡಿ ಮುಚ್ಚಬೇಕು; ಪ್ರತಿ ಅಂಗಡಿಯಿಂದ ಮನೆಮಂದಿಯೆಲ್ಲ ತಾರಸಿ ಹತ್ತಬೇಕು; ಬಿರುಕಿಗೆ ಸುಣ್ಣದ ಗಾರೆ ತುಂಬಿ, ಸಾಲಾಗಿ ಕೂತು ಮರದ ಕೊಡತಿಯಲ್ಲಿ ಬಡಿಯಬೇಕು; ಸಂಜೆಗೆ ಅಳಲೆಕಾಯಿ, ಬೆಲ್ಲ ನೆನೆಸಿದ ನೀರು ಹೊಯ್ದು ಕಲ್ಲಿನಿಂದ ಉಜ್ಜಬೇಕು. ಬಾರದವನಿಗೆ ಮರುದಿನ ಬೀಗದಕೈ ಸಿಗುತ್ತಿರಲಿಲ್ಲ. ಎಪ್ಪತ್ತು ವರ್ಷ ಹೀಗೇ ನಡೆಯಿತು. ಬಳೆ ಅಂಗಡಿಯ ಜಮಾಲುನ್ನೀಸಾ ಏರುದನಿಯಲ್ಲಿ ಪದ ಎತ್ತಿಕೊಟ್ಟರೆ ಉಳಿದ ಹೆಂಗಸರು ಅದೇ ತಾಳಕ್ಕೆ ಕೊಡತಿ ಹಾಕುತ್ತಿದ್ದರು. ಮಧ್ಯಾಹ್ನ ತಾರಸಿಯ ಮೇಲೇ ಊಟ. ತಾರಸಿ ಒಂದು ತೊಟ್ಟೂ ಸೋರುತ್ತಿರಲಿಲ್ಲ.

ಅದನ್ನು ನಿಲ್ಲಿಸಿದವನು ಅಣ್ಣಯ್ಯಪ್ಪ.

ಅವನಿಗೆ ಕಟ್ಟಡದ ಮೇಲೆ ದ್ವೇಷವಿತ್ತೆಂದು ತಿಳಿಯಬೇಡಿ. ಆ ಕಟ್ಟಡವನ್ನು ಅವನಷ್ಟು ಪ್ರೀತಿಸಿದವರು ಇನ್ನೊಬ್ಬರಿಲ್ಲ. ಅನಾಹುತ ಆದದ್ದೇ ಅಲ್ಲಿ. ಗುಬ್ಬಿಯ ಕಡೆಯವನು, ಎಂಟು ವರ್ಷದವನಿದ್ದಾಗ ಅಪ್ಪನ ಜೊತೆ ಬಂದು ಆರನೇ ನಂಬರಿನ ಹಗ್ಗದ ಅಂಗಡಿಯಲ್ಲಿ ಕೂತವನು ಅಲ್ಲಿಂದ ಏಳಲೇ ಇಲ್ಲ. ಬಾವಿ ಹಗ್ಗ, ಕಣ್ಣಿ, ಮಿಣಿ ಮಾರಿಯೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ. ಬಾಡಿಗೆದಾರರ ಸಂಘಕ್ಕೆ ಅಧ್ಯಕ್ಷನೂ ಆದ. ಅಧ್ಯಕ್ಷನಾದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಏನಾದರೂ ಒಳ್ಳೆಯದು ಮಾಡಲೇಬೇಕೆಂಬ ಚಪಲ ಹತ್ತಿತು. ‘ಇನ್ನೂ ಎಷ್ಟ್ ಕಾಲ ಮುದುಕೀರಂಗೆ ತಾರಸಿ ಕುಟ್ಕೊಂಡ್ ಕೂರೋದ್ರಯ್ಯಾ? ಒಂದ್ಸಲ ಸಿಮೆಂಟ್ ಹಾಕ್ಸುಬುಟ್ರೆ ಐವತ್ತು ವರ್ಷ ಕಾಲ್ ಚಾಚ್ಕೊಂಡು ಮಲಗ್‌ಬೋದು’ ಅಂದ. ಎಲ್ಲರಿಗೂ ಹೌದೆನ್ನಿಸಿತು. ಒಂದು ದಿನದ ವ್ಯಾಪಾರ ಉಳಿಯುವುದಾದರೆ ಯಾವ ಅಂಗಡಿಯವನು ಬೇಡ ಎನ್ನುತ್ತಾನೆ?

ಅದು 1975. ಸಿಮೆಂಟು ಆಗ ಚಿನ್ನಕ್ಕಿಂತ ಕಷ್ಟ. ಚಿನ್ನವನ್ನಾದರೂ ಅಂಗಡಿಯಲ್ಲಿ ಕೊಡುತ್ತಿದ್ದರು. ಪರ್ಮಿಟ್ಟಿಗಾಗಿ ಅಣ್ಣಯ್ಯಪ್ಪ ಐದು ತಿಂಗಳು ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದ. ಕೊನೆಗೆ ಲಾರಿಯಲ್ಲಿ ಮೂಟೆ ಬಂದ ದಿನ ಅವನಿಗೆ ಹಾರ ಹಾಕಿ, ರಸ್ತೆಯಲ್ಲಿ ನಿಲ್ಲಿಸಿ, ಫೋಟೋ ಹಿಡಿಸಿದರು. ಹಿಂದಿನಿಂದಲೂ ತಾರಸಿಗೆ ಗಾರೆ ಕಲಸುತ್ತಿದ್ದ ಗುಲಾಮ್ ನಬಿ ಸಾಬರು ಮಾತ್ರ ಮೂಲೆಯಲ್ಲಿ ನಿಂತಿದ್ದರು.

‘ಬ್ಯಾಡ ಅಣ್ಣಯ್ಯಪ್ಪ. ಸುಣ್ಣ ನೀರು ಕುಡೀತದೆ, ಬಿಸಿಲಿಗೆ ಬುಡ್ತದೆ. ಮ್ಯಾಲೆ ಸಿಮೆಂಟ್ ಮುಚ್ಚಿದ್ರೆ ಕುಡಿದ ನೀರು ಎಲ್ಲಿಗೋಯ್ತದೆ? ಕೆಳಗೆ ಮರ ಅದೆ’ ಅಂದರು.

‘ನಿಮ್ ಕೂಲಿ ತಪ್ತದೆ ಅಂತ ಹಿಂಗಂತೀರಾ ಸಾಬ್ರೇ’ ಎಂದು ಅಣ್ಣಯ್ಯಪ್ಪ ನಕ್ಕ. ಎಲ್ಲರೂ ನಕ್ಕರು. ನಬಿ ಸಾಬರು ಕರಣೆಯನ್ನು ಚೀಲಕ್ಕೆ ಹಾಕಿಕೊಂಡು ಕುಣಿಗಲಿಗೆ ಬಸ್ಸು ಹತ್ತಿದರು. ಆಮೇಲೆ ಹದಿನಾಲ್ಕು ಬಾಗಿಲಿನ ಕಡೆ ತಲೆ ಹಾಕಲಿಲ್ಲ.

ಏಳು ವರ್ಷ ಕಳೆಯಿತು. ಕದರಯ್ಯನ ಮೊಮ್ಮಗ ಆಂಜನಪ್ಪ ಬಟವಾಡಿಯಲ್ಲಿ ಹೈವೇ ಪಕ್ಕಕ್ಕೆ ಹೊಸ ಮನೆ ಕಟ್ಟಿಕೊಂಡ. ಆ ಮನೆಯ ಬಾಲ್ಕನಿಯಲ್ಲಿ ನಿಂತಾಗಲೆಲ್ಲ ಅವನಿಗೆ ಮಂಡಿಪೇಟೆಯ ಹಳೇ ಕಟ್ಟಡದ ಜಾಗದಲ್ಲಿ ನಾಲ್ಕು ಮಹಡಿಯ ಕಾಂಪ್ಲೆಕ್ಸ್ ಕಾಣುತ್ತಿತ್ತಂತೆ. ಕಟ್ಟಡ ಶಿಥಿಲವಾಗಿದೆ, ಜನರ ಪ್ರಾಣಕ್ಕೆ ಅಪಾಯ, ಬಾಡಿಗೆದಾರರನ್ನು ಎಬ್ಬಿಸಿ ಕೆಡವಲು ಅಪ್ಪಣೆ ಬೇಕು ಎಂದು ಕೋರ್ಟಿಗೆ ಹೋದ. ಅಣ್ಣಯ್ಯಪ್ಪ ಕೆಂಡವಾದ. ಹದಿನಾಲ್ಕೂ ಮಂದಿಯನ್ನು ಒಟ್ಟು ಹಾಕಿ, ಲಕ್ಷ್ಮೀನರಸಿಂಹಯ್ಯ ಎಂಬ ವಕೀಲರನ್ನು ಹಿಡಿದು, ಎರಡು ವರ್ಷ ಕೇಸು ನಡೆಸಿದ. ಹಗಲೆಲ್ಲ ಹಗ್ಗ ಮಾರುವುದು ಬಿಟ್ಟು ಕಟ್ಟಡದ ಹಳೇ ಕಾಗದ ಹುಡುಕುತ್ತ ಅಲೆದ. ಕದರಯ್ಯನ ಕರಾರು ಪತ್ರವನ್ನು ಗೂಳೂರಿನ ಯಾರದೋ ಅಟ್ಟದಿಂದ ಇಳಿಸಿ ತಂದು ಜಡ್ಜಿಗೆ ತೋರಿಸಿದ. ‘ಇಂಥಾ ಕಟ್ಟಡ ಜಿಲ್ಲೆನಾಗೇ ಇಲ್ಲ ಸ್ವಾಮಿ, ಇದನ್ನ ಉಳಿಸ್‌ಬೇಕು’ ಎಂದು ಕೈಮುಗಿದ. ಕೊನೆಗೆ ಕೋರ್ಟು, ಒಬ್ಬ ಇಂಜಿನಿಯರ್ ಬಂದು ಕಟ್ಟಡ ನೋಡಿ ವರದಿ ಕೊಡಲಿ ಎಂದಿತು. ಗಟ್ಟಿ ಎಂದರೆ ಉಳಿಯಿತು, ಇಲ್ಲವಾದರೆ ಹೋಯಿತು. 1984ರ ಜುಲೈ ಹದಿನೆಂಟಕ್ಕೆ ತಾರೀಕು ಗೊತ್ತಾಯಿತು.

ಜುಲೈ ಎರಡರಂದು ಮುನಾವರ್ ಪಾಷಾನ ಅಂಗಡಿಯಲ್ಲಿ ಸೂರಿನಿಂದ ಗಾರೆಯ ಒಂದು ಹೆಂಟೆ ಬಿತ್ತು.

ಪಾಷಾ, ಜಮಾಲುನ್ನೀಸಾಳ ಮಗ. ಮೂಲೆಯ ಏಳನೇ ಅಂಗಡಿ ಅವನದು. ತಾಯಿ ತೀರಿಕೊಂಡ ಮೇಲೆ ಅವಳು ಕೂರುತ್ತಿದ್ದ ಜಾಗದಲ್ಲಿ ಅವನ ಮಗಳು ನಜೀರಾ ಕೂತು ಬಳೆ ತೊಡಿಸುತ್ತಿದ್ದಳು. ಹೆಂಟೆ ಅವಳಿಂದ ಒಂದು ಗೇಣು ಆಚೆ ಬಿದ್ದು ಎರಡು ಡಜನ್ ಗಾಜಿನ ಬಳೆ ಪುಡಿಯಾದವು. ‘ಇಲಿ ಕೊರ್ದಿರ್ಬೇಕು ಬುಡಣ್ಣ’ ಎಂದು ಪಾಷಾ ಗುಡಿಸಿ ಹಾಕಿದ. ಅಣ್ಣಯ್ಯಪ್ಪ ತಲೆಯೆತ್ತಿ ನೋಡಿದ. ಸುಣ್ಣ ಬಳಿದ ಸೂರಿನಲ್ಲಿ ಹಳದಿ ಮಚ್ಚೆ ಹರಡಿತ್ತು. ಯಾರಿಗೂ ಏನೂ ಹೇಳದೆ ಮರುದಿನ ಕುಣಿಗಲಿಗೆ ಹೋದ.

ಗುಲಾಮ್ ನಬಿ ಸಾಬರು ಎಪ್ಪತ್ತು ದಾಟಿದ್ದರು. ಮನೆಯ ಜಗಲಿಯಲ್ಲಿ ಕೂತಿದ್ದವರು ಇವನನ್ನು ನೋಡಿ, ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಅಣ್ಣಯ್ಯಪ್ಪ ಚಪ್ಪಲಿ ಬಿಟ್ಟು ಕೆಳಗೇ ಕೂತ.

‘ಸಾಬ್ರೇ, ಅವತ್ತು ನಕ್ಕಿದ್ದು ತಪ್ಪಾಯ್ತು. ಒಂದ್ಸಲ ಬಂದು ನೋಡಿ.’

‘ನಗೋದೇನ್ ಬುಡು. ಎಲ್ಲಿ ಬಿತ್ತು?’ ಅಂದರು ಅವರು. ಬಿದ್ದಿದೆಯೆಂದು ಇವನು ಹೇಳಿಯೇ ಇರಲಿಲ್ಲ.

ಭಾನುವಾರ ಅಂಗಡಿಗಳೆಲ್ಲ ಮುಚ್ಚಿದ್ದಾಗ, ನಬಿ ಸಾಬರ ಕೈಲಿ ಸೂರು ಸರಿಮಾಡಿಸುತ್ತೇನೆ ಎಂದು ಪಾಷಾನಿಂದ ಬೀಗದಕೈ ಇಸಿದುಕೊಂಡು, ಇಬ್ಬರೇ ಒಳಗೆ ಹೋದರು. ನಬಿ ಸಾಬರು ಏಣಿ ಹತ್ತಿ, ತೊಲೆ ಗೋಡೆಯೊಳಗೆ ಸೇರುವ ಕಡೆ ಗಾರೆ ಬಿಡಿಸಿ, ಚೂಪಾದ ಕಬ್ಬಿಣದ ಕಡ್ಡಿಯೊಂದನ್ನು ಮರಕ್ಕೆ ಒತ್ತಿದರು. ಕಡ್ಡಿ ಕೊಳೆತ ಬಾಳೆದಿಂಡಿಗೆ ಇಳಿದಂತೆ ಇಳಿಯಿತು. ಸಾಗುವಾನಿ ಮರ, ಎಂಬತ್ತು ವರ್ಷ ಕಲ್ಲಿನಂತಿದ್ದದ್ದು. ಎರಡನೇ ತೊಲೆ, ಅದೇ. ಮೂರನೆಯದೂ ಅದೇ. ಪುಡಿ ಉದುರಿ ಸಾಬರ ಬಿಳಿ ಗಡ್ಡದ ಮೇಲೆ ಕೂತಿತು.

‘ಮ್ಯಾಲೆ ಸಿಮೆಂಟು ಕೂದಲೆಳೆಯಷ್ಟು ಸೀಳದೆ. ನೀರು ಒಳೀಕೋಗಿ ಕೂತದೆ. ಆಚೀಕ್ ಬರಕ್ ದಾರಿಯಿಲ್ಲ’ ಅಂದರು.

‘ರಿಪೇರಿ?’

‘ಸಿಮೆಂಟ್ ಪೂರಾ ಕೀಳಬೇಕು. ಕೆಟ್ಟ ತೊಲೆ ತೆಗೀಬೇಕು, ಬ್ಯಾರೆ ಕೂರಿಸ್‌ಬೇಕು, ತಿರುಗಾ ಗಾರೆ. ನಾಕ್ ತಿಂಗಳು. ಕೆಳಗೆ ಜನ ಇರಂಗಿಲ್ಲ.’

ಅಣ್ಣಯ್ಯಪ್ಪ ಗೋಡೆಗೆ ಒರಗಿದ. ಜನ ಇರಂಗಿಲ್ಲ! ಖಾಲಿ ಮಾಡಿ ಬೀಗದಕೈ ಕೈಬಿಟ್ಟ ಮೇಲೆ ಆಂಜನಪ್ಪ ಮತ್ತೆ ಒಳಗೆ ಬಿಡುತ್ತಾನೆಯೇ? ವಕೀಲರು ಮೊದಲ ದಿನವೇ ಎಚ್ಚರಿಸಿದ್ದರು: ‘ಏನೇ ಆಗ್ಲಿ, ಅಂಗಡಿ ಬಿಟ್ಟು ಕದಲಬೇಡಿ. ಖಾಲಿ ಮಾಡಿದ ದಿನಾನೇ ಕೇಸು ಮುಗೀತು.’ ಖಾಲಿ ಮಾಡದೆ ರಿಪೇರಿಯಿಲ್ಲ, ಖಾಲಿ ಮಾಡಿದರೆ ಕಟ್ಟಡವಿಲ್ಲ. ಆಸರೆಗೆ ಕಂಬ ಕೊಡೋಣವೆಂದರೆ, ಆ ಕಂಬ ಕಂಡ ಕೂಡಲೇ ಇಂಜಿನಿಯರ್ ಕಟ್ಟಡ ಬೀಳುತ್ತದೆಂದು ಬರೆಯುತ್ತಾನೆ. ಯಾವ ಕಡೆ ತಿರುಗಿದರೂ ಗೋಡೆಯೇ.

ನಬಿ ಸಾಬರು ಏಣಿ ಇಳಿದು, ಅದನ್ನು ಹೆಗಲಿಗೆ ಹಾಕಿಕೊಂಡು ಕೇಳಿದರು: ‘ಉಳಿದ ಅಂಗಡಿನೂ ನೋಡ್‌ಬುಡ್ಲಾ? ನಿನ್ನ ಹಗ್ಗದಂಗಡಿ, ಹಿಂದಲ ಸಾಲು?’

ಅಣ್ಣಯ್ಯಪ್ಪನಿಗೆ ಮೂರು ತೊಲೆ ನೋಡಿದ್ದಕ್ಕೇ ಜೀವ ಬಾಯಿಗೆ ಬಂದಿತ್ತು. ಅಂಗಡಿಗೆ ನಾಲ್ಕರಂತೆ ಐವತ್ತಾರೂ ನೋಡಿ, ಐವತ್ತಾರೂ ಹೀಗೇ ಇದ್ದರೆ, ಅದನ್ನು ತಿಳಿದುಕೊಂಡು ಬದುಕುವುದು ಹೇಗೆ? ತಾನೇ ತಂದ ಸಿಮೆಂಟು. ತಾನೇ ಹಾಕಿಸಿಕೊಂಡ ಹಾರ.

‘ಬ್ಯಾಡ’ ಅಂದ. ‘ಬ್ಯಾಡ ಸಾಬ್ರೇ, ಸಾಕು. ಮುಚ್ಚಾಕಿ.’

ಸಾಬರು ಕರಣೆ ಎತ್ತಿಕೊಂಡರು. ‘ಮುಚ್ಚೋದು ನನ್ ಕೆಲ್ಸ, ಮುಚ್ತೀನಿ. ಕೆಳಗೆ ಕೂರೋರು ನಿಮ್ಮೋರು’ ಅಂದರು. ಸಂಜೆಯೊಳಗೆ ಗಾರೆ ಹಾಕಿ, ನಯ ಮಾಡಿ, ಸುಣ್ಣ ಬಳಿದರು. ಆ ಕೈಗೆ ವಯಸ್ಸಾಗಿರಲಿಲ್ಲ. ನಾಳೆ ಇಂಜಿನಿಯರಲ್ಲ, ಅವನಪ್ಪ ಬಂದು ನೋಡಿದರೂ ಅಲ್ಲಿ ಏನೂ ಕಾಣುವಂತಿರಲಿಲ್ಲ. ಸಾಬರು ಕೂಲಿ ಮುಟ್ಟದೆ ಸಂಜೆಯ ಬಸ್ಸಿಗೆ ಹೊರಟುಹೋದರು.

ಮುಂದಿನ ದಿನಗಳು ಅಣ್ಣಯ್ಯಪ್ಪನಿಗೆ ನರಕ. ತನ್ನ ಅಂಗಡಿಯಲ್ಲಿ ಕೂತರೂ ಕಿವಿ ಪಕ್ಕದ ಅಂಗಡಿಯಲ್ಲಿ. ನಜೀರಾ ಬಳೆಯ ಡಬ್ಬ ಇಳಿಸಿದ ಸದ್ದಿಗೂ ಎದ್ದು ಓಡಿಹೋಗಿ ನೋಡುತ್ತಿದ್ದ. ಮಳೆ ಬೇರೆ ಹಿಡಿದುಕೊಂಡಿತ್ತು. ಮದುವೆಗೆ ಬಳೆ ತೊಡಿಸಲು ಗುಬ್ಬಿಯಿಂದ ಒಂದು ದಿಬ್ಬಣವೇ ಬಂದು ಆ ಮೂಲೆಯ ಅಂಗಡಿಯಲ್ಲಿ ಕಿಕ್ಕಿರಿದು ಕೂತ ದಿನ, ಅವನು ಬಾಗಿಲಲ್ಲಿ ನಿಂತು ಬೇಗ ಬೇಗ ಎಂದು ಅವಸರ ಮಾಡಿ ಬೈಸಿಕೊಂಡ. ಮನೆಯಲ್ಲಿ ತಟ್ಟೆ ಮುಂದಿಟ್ಟರೆ ಮುದ್ದೆ ಹಾಗೇ ಆರುತ್ತಿತ್ತು. ಹೆಂಡತಿ ರಂಗಲಕ್ಷ್ಮಮ್ಮ, ‘ಕೇಸ್ ಗೆದ್ದಂಗೇ ಅಂತ ಊರೆಲ್ಲ ಹೇಳ್ತದೆ, ನೀವ್ಯಾಕೆ ಹೆಣ ಹೊತ್ತೋರಂಗೆ ಕೂತಿದ್ದೀರಿ?’ ಎಂದು ಕೇಳಿದರೆ ಎದ್ದು ಕೈ ತೊಳೆಯುತ್ತಿದ್ದ.

ಒಂದು ಬೆಳಿಗ್ಗೆ ತಡೆಯಲಾರದೆ ಪಾಷಾನ ಬಳಿ ಹೋದ. ‘ಪಾಷಾ, ನಾವಿಬ್ರೂ ಅಂಗಡಿ ಅದ್ಲುಬದ್ಲು ಮಾಡ್ಕೊಳಣ. ನೀನು ನಂದಕ್ಕೆ ಬಾ. ನಾನು ಇಲ್ಲಿ ಕೂರ್ತೀನಿ.’

ಪಾಷಾ ಅಳತೆಯ ಬಳೆ ಕೈಯಲ್ಲಿ ಹಿಡಿದೇ ನೋಡಿದ. ‘ಯಾಕಣ್ಣ? ಮೂಲೆ ಅಂಗಡಿ, ಎರಡು ರಸ್ತೆಗೆ ಕಾಣ್ತದೆ ಅಂತಾನಾ? ಕೇಸ್ ನಡ್ಸಿದ್ದಕ್ಕೆ ಕೂಲಿ ಕೇಳ್ತಿದೀಯಾ?’

‘ಥೂ, ಹಂಗಲ್ಲ ಕಣೋ...’

‘ಇನ್ನೆಂಗೆ ಹೇಳು ಮತ್ತೆ.’

ಪಾಷಾನಿಗೆ ಹೇಳಿದರೆ ಹದಿನಾಲ್ಕು ಜನಕ್ಕೆ ಹೇಳಿದಂತೆ; ಹದಿನಾಲ್ಕು ಜನಕ್ಕೆ ಹೇಳಿದರೆ ಆಂಜನಪ್ಪನಿಗೆ ಹೇಳಿದಂತೆ. ಹಿಂತಿರುಗಿ ಬಂದು ಹಗ್ಗದ ಸುರುಳಿಯ ಮೇಲೆ ಕುಸಿದು ಕೂತ. ನಲವತ್ತು ವರ್ಷದ ಸ್ನೇಹಿತ ಅಂದಿನಿಂದ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಹದಿನೆಂಟನೇ ತಾರೀಕು ಇಂಜಿನಿಯರ್ ಬಂದ. ಹಿಂದೆ ಆಂಜನಪ್ಪ, ಎರಡೂ ಕಡೆಯ ವಕೀಲರು, ಹದಿಮೂರು ಬಾಡಿಗೆದಾರರು. ಇಂಜಿನಿಯರ್ ಗೋಡೆಗಳನ್ನು ತಟ್ಟಿ ನೋಡಿದ, ತಲೆದೂಗಿದ. ತಾರಸಿ ಹತ್ತಿ ಬೂಟಿನ ಹಿಮ್ಮಡಿಯಿಂದ ನಾಲ್ಕು ಕಡೆ ಕುಟ್ಟಿದ. ಟಣ್ ಎಂದಿತು.

‘ಯಾರ್ರೀ ಸಿಮೆಂಟ್ ಹಾಕ್ಸಿದ್ದು?’

ಎಲ್ಲರೂ ಅಣ್ಣಯ್ಯಪ್ಪನನ್ನು ಮುಂದಕ್ಕೆ ತಳ್ಳಿದರು.

‘ಒಳ್ಳೇ ಕೆಲಸ ಮಾಡಿದೀರಿ. ಬರೀ ಹಳೇ ಗಾರೆ ಆಗಿದ್ರೆ ನಾನೂ ಯೋಚನೆ ಮಾಡ್ತಿದ್ದೆ. ಇನ್ನಿಪ್ಪತ್ತು ವರ್ಷ ಏನೂ ಆಗಲ್ಲ.’

ಆಂಜನಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ವಕೀಲ ಲಕ್ಷ್ಮೀನರಸಿಂಹಯ್ಯ ಅಣ್ಣಯ್ಯಪ್ಪನ ಬೆನ್ನು ತಟ್ಟಿದರು. ಪಾಷಾ, ಮುನಿಸೆಲ್ಲ ಮರೆತು, ಅವನನ್ನು ಬಾಚಿ ತಬ್ಬಿಕೊಂಡ. ‘ಉಳಿಸ್ಬುಟ್ಟೆ ಕಣಣ್ಣ! ನಿನ್ನಿಂದ ಉಳೀತು!’ ಅಂದ. ಬೆಳಗಿನ ಜಡಿಮಳೆ ಆಗಷ್ಟೇ ನಿಂತಿತ್ತು. ತಾರಸಿಯ ನೀರೆಲ್ಲ ಮೂಲೆಗೆ ಹರಿದು, ಏಳನೇ ಅಂಗಡಿಯ ಮೇಲೆ, ಕೆರೆಯ ಹಾಗೆ ನಿಂತಿತ್ತು. ಅದರ ಕಡೆ ಯಾರೂ ನೋಡಲಿಲ್ಲ. ಅಣ್ಣಯ್ಯಪ್ಪ ನೋಡಿದ, ನೋಡಿ ಕಣ್ಣು ತಿರುಗಿಸಿಕೊಂಡ.

ವರದಿ ಬರೆಯಲು ಇಂಜಿನಿಯರಿಗೆ ಮೇಜು ಬೇಕಾಯಿತು. ಪಾಷಾ ಖುಷಿಯಿಂದ ತನ್ನ ಅಂಗಡಿಗೇ ಕರೆದುಕೊಂಡು ಹೋದ. ನಜೀರಾ ಗಾಜಿನ ಪೆಟ್ಟಿಗೆಯ ಮೇಲಿನ ಬಳೆ ಸರಿಸಿ, ಸೆರಗಿನಿಂದ ಒರೆಸಿ ಜಾಗ ಮಾಡಿಕೊಟ್ಟಳು. ಇಂಜಿನಿಯರ್ ಕೂತ. ಕಟ್ಟಡ ಸುಭದ್ರವಾಗಿದೆ ಎಂದು ಬರೆಯತೊಡಗಿದ. ಬಾಡಿಗೆದಾರರೆಲ್ಲ ಒಳಗೆ ನುಗ್ಗಿ ಅವನ ಸುತ್ತ ನಿಂತರು. ಆಗ ಮೇಲಿನಿಂದ ಒಂದು ಎಳೆ ಪುಡಿ ಇಳಿದು ಕಾಗದದ ಮೇಲೆ ಬಿತ್ತು. ಇಂಜಿನಿಯರ್ ಉಫ್ ಎಂದು ಊದಿ ಬರೆಯುವುದನ್ನು ಮುಂದುವರಿಸಿದ.

ಬಾಗಿಲಲ್ಲಿದ್ದ ಅಣ್ಣಯ್ಯಪ್ಪ ಎಣಿಸಿದ. ಒಳಗೆ ಹದಿನೆಂಟು ಜನ. ಸುಮ್ಮನಿದ್ದರೆ ಕಟ್ಟಡ ತನ್ನದು, ತಮ್ಮೆಲ್ಲರದು. ಇನ್ನೊಂದು ಸಹಿ, ಅಷ್ಟೇ. ಸುಮ್ಮನಿರೋ ಮುಂಡೇದೇ ಎಂದು ತನ್ನನ್ನೇ ಬೈದುಕೊಂಡ. ನಜೀರಾ ತಂದೆಯ ಮುಖ ನೋಡಿ ನಗುತ್ತಿದ್ದಳು. ಆ ನಗುವನ್ನು ಅವನು ಸಹಿಸಲಾರದೆ ಹೋದ.

‘ಆಚೀಕ್ ಬನ್ನಿ!’ ಎಂದು ಕಿರುಚಿದ. ‘ಎಲ್ರೂ ಆಚೀಕ್ ಬನ್ನಿ! ಸುಳ್ಳು ಸ್ವಾಮಿ, ಬರೀಬೇಡಿ! ಬೀಳ್ತದೆ ಇದು!’

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅವನು ಒಳಗೆ ನುಗ್ಗಿ, ಸ್ಟೂಲು ಹತ್ತಿ, ಕೈಗೆ ಸಿಕ್ಕ ಶಟರ್ ಎಳೆಯುವ ಕೊಕ್ಕೆಯಿಂದ ಹೊಸ ಗಾರೆಯನ್ನು ಕೆರೆದು ತೊಲೆಗೆ ತಿವಿದ. ಕೊಕ್ಕೆ ಒಳಗೆ ಹೋಯಿತು. ಕಪ್ಪು ಪುಡಿ, ಆಮೇಲೆ ನೀರು ಸುರಿಯಿತು. ಇಂಜಿನಿಯರ್ ಕಾಗದ ಎತ್ತಿಕೊಂಡು ರಸ್ತೆಗೆ ಹಾರಿದ.

‘ಉಳಿದದ್ದೂ ಹಿಂಗೇನಾ?’ ಎಂದು ಹೊರಗಿನಿಂದಲೇ ಕೇಳಿದ.

‘ಎಲ್ಲಾ ಹಿಂಗೇ’ ಅಂದ ಅಣ್ಣಯ್ಯಪ್ಪ. ‘ನಂದೇ ತಪ್ಪು. ಎಲ್ಲಾ ಹಿಂಗೇ ಆಗದೆ.’

ಇಂಜಿನಿಯರ್ ಮತ್ತೆ ಒಳಗೆ ಕಾಲಿಡಲಿಲ್ಲ. ಬಾಡಿಗೆದಾರರ ಅಧ್ಯಕ್ಷನೇ ಕೈಯಾರೆ ತೋರಿಸಿ, ಬಾಯಾರೆ ಒಪ್ಪಿಕೊಂಡ ಮೇಲೆ ನೋಡುವುದೇನುಳಿಯಿತು? ಕೋರ್ಟಿಗೂ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಲಿಲ್ಲ. ಮೂವತ್ತು ದಿನದಲ್ಲಿ ಖಾಲಿ ಮಾಡಲು ಆದೇಶವಾಯಿತು. ಆಂಜನಪ್ಪನಿಂದ ದುಡ್ಡು ತಿಂದಿದ್ದಾನೆ ಎಂದರು ಕೆಲವರು. ಹಿಂದಿನ ಸಾಲಿನ ಚಿಕ್ಕಬೀರಯ್ಯ ನಡುರಸ್ತೆಯಲ್ಲಿ ಅವನ ಮುಖಕ್ಕೆ ಉಗಿದ. ಅಣ್ಣಯ್ಯಪ್ಪ ಒರೆಸಿಕೊಳ್ಳಲೂ ಇಲ್ಲ. ಇಬ್ಬರು ಸತ್ಯಮಂಗಲದ ಕಾರ್ಖಾನೆಗಳಲ್ಲಿ ಕೂಲಿಗೆ ಸೇರಿದರು, ಒಬ್ಬ ಊರು ಬಿಟ್ಟ, ಪಾಷಾ ತಳ್ಳುಗಾಡಿಯಲ್ಲಿ ಬಳೆ ಇಟ್ಟುಕೊಂಡು ಬೀದಿ ತಿರುಗತೊಡಗಿದ. ನಜೀರಾ ಮನೆಯಲ್ಲಿ ಬೀಡಿ ಕಟ್ಟಲು ಕೂತಳು.

ಸೆಪ್ಟೆಂಬರಿನಲ್ಲಿ ಕೆಡವಲು ಶುರುಮಾಡಿದರು. ಅಣ್ಣಯ್ಯಪ್ಪ ದಿನವೂ ಹೋಗಿ ಎದುರಿನ ಫುಟ್‌ಪಾತಿನಲ್ಲಿ ನಿಲ್ಲುತ್ತಿದ್ದ. ಹೋಗದಿರಲು ಅವನಿಂದ ಆಗುತ್ತಿರಲಿಲ್ಲ. ಸಿಮೆಂಟು ಎರಡೇ ದಿನಕ್ಕೆ ಹಪ್ಪಳದಂತೆ ಎದ್ದು ಬಂತು. ಆಮೇಲೆ ತೊಲೆಗಳನ್ನು ಒಂದೊಂದಾಗಿ ಹಗ್ಗ ಕಟ್ಟಿ ಇಳಿಸಿದರು. ಮೂಲೆಯಿಂದ ಬಂದ ನಾಲ್ಕು ನೆಲಕ್ಕೆ ತಾಗಿದ್ದೇ ಮುರಿದವು. ಅವನ ಅಂಗಡಿಯ ಮೂರು ಹಾಗೇ. ಅವನಂಗಡಿಯ ನಾಲ್ಕನೆಯ ತೊಲೆ ಇಳಿದಾಗ ಟಂಗ್ ಎಂದು ಸದ್ದಾಯಿತು. ಮೇಸ್ತ್ರಿ ಅದರ ಮೇಲೆ ಉಳಿ ಇಟ್ಟು ಸುತ್ತಿಗೆ ಹೊಡೆದ, ಉಳಿ ಜಾರಿತು. ಮುಂದಿನದೂ ಹಾಗೇ. ಅದರ ಮುಂದಿನದೂ. ಇಡೀ ಹಿಂದಿನ ಸಾಲು ಇಳಿಯಿತು, ಒಂದಕ್ಕೂ ಉಳಿ ಹಿಡಿಯಲಿಲ್ಲ. ನೀರು ಮೂಲೆಯಲ್ಲಿ ಮಾತ್ರ ನಿಂತಿತ್ತು. ಉಳಿದ ಕಡೆ ಸಿಮೆಂಟು ಸೀಳಿರಲೇ ಇಲ್ಲ.

ಆಂಜನಪ್ಪ ತೊಲೆಗಳನ್ನು ರಸ್ತೆಯಲ್ಲೇ ಹರಾಜು ಹಾಕಿದ. ಮೊದಲ ದರ್ಜೆಯ ಸಾಗುವಾನಿ ಎಂದು ಕೊಂಡವರು ಮೂರು ಲಾರಿ ತಂದಿದ್ದರು. ಪಾಷಾ ತಳ್ಳುಗಾಡಿ ನಿಲ್ಲಿಸಿ, ಲಾರಿಗೆ ಏರುತ್ತಿದ್ದ ಒಂದೊಂದೇ ತೊಲೆಯನ್ನು ನೋಡುತ್ತ ನಿಂತ. ಆಮೇಲೆ ಎರಡು ತಿಂಗಳಲ್ಲಿ ಮೊದಲ ಸಲ ಅಣ್ಣಯ್ಯಪ್ಪನ ಹತ್ತಿರ ಬಂದ.

‘ನಲವತ್ತೊಂಬತ್ತು ಚೆನ್ನಾಗವೆ ಅಣ್ಣ.’

‘ಹ್ಞೂಂ.’

‘ಏಳು ಕೆಟ್ಟಿದ್ವು. ಎಲ್ಡು ಅಂಗಡಿ ಖಾಲಿ ಮಾಡಿದ್ರೆ ಸಾಕಿತ್ತಲ್ಲ. ನೀನು, ನಾನು. ನಾಕ್ ತಿಂಗಳು ನಾವಿಬ್ರೂ ಇನ್ನೊಬ್ರ ಅಂಗಡಿನಾಗೆ ಕೂರ್ತಿದ್ವಿ.’

ಅಣ್ಣಯ್ಯಪ್ಪ ಲಾರಿಯ ಕಡೆಗೇ ನೋಡುತ್ತಿದ್ದ.

‘ಎಲ್ಲಾ ಕೆಟ್ಟವೆ ಅಂತ ನಬಿ ಸಾಬ್ರು ಹೇಳಿದ್ರಾ?’

‘ಇಲ್ಲ. ನೋಡ್ತೀನಿ ಅಂದ್ರು. ನಾನೇ ಬ್ಯಾಡ ಅಂದೆ.’

‘ಯಾಕಣ್ಣ?’

‘ಹೆದರ್ಕೆ ಆಯ್ತು ಕಣೋ’ ಅಂದ ಅಣ್ಣಯ್ಯಪ್ಪ.

ಮೂರನೇ ಲಾರಿ ತುಂಬಿ ಕುಣಿಗಲ್ ರಸ್ತೆಯ ಕಡೆ ತಿರುಗುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು.